ಕೋಟೆ ಹೊನ್ನಾವರದಲ್ಲಿ, ಮೆಣಸು ಘಟ್ಟದ ಮೇಲೆ

ಹೊನ್ನಾವರದ ಬಂದರಿಗಾಗಿ ನಡೆದ ಕಾಳಗಗಳ ಕಥೆಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಸರು ಅಷ್ಟಾಗಿ ಬರುವುದಿಲ್ಲ. ಪೋರ್ಚುಗೀಸರು ಹಡಗು, ಫಿರಂಗಿ, ಕಪ್ತಾನರ ಬಗ್ಗೆ ಬರೆದರು. ಇಂಗ್ಲಿಷರು ಮುತ್ತಿಗೆ, ಕರಾರುಗಳ ಬಗ್ಗೆ ಬರೆದರು. ಘಟ್ಟದ ಮೇಲಿನ ತೋಟಿಗರ ಬಗ್ಗೆ ಬರೆಯುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ಆದರೆ ಅರ್ಧ ಭೂಮಿ ಸುತ್ತಿ ಬಂದವರು ಶರಾವತಿಯ ಅಳಿವೆಯ ಹೊರಗೆ ಲಂಗರು ಹಾಕಿ ಕಾದದ್ದು ಹೊನ್ನಾವರದ ಉಸುಕಿಗಾಗಿಯೂ ಅಲ್ಲ, ಮೀನಿಗಾಗಿಯೂ ಅಲ್ಲ, ಕಾಳುಮೆಣಸಿಗಾಗಿ. ಅದು ಬೆಳೆಯುತ್ತಿದ್ದದ್ದು ಗೇರುಸೊಪ್ಪೆಯ ಕಣಿವೆಗಳಲ್ಲಿ ಮತ್ತು ಅಲ್ಲಿಂದ ಘಟ್ಟ ಹತ್ತಿದರೆ ಸಿಗುವ ಬಿಳಗಿ, ಸೋದೆ ಸೀಮೆಗಳ ತೋಟಗಳಲ್ಲಿ.

ನಕಾಶೆ ಇಟ್ಟುಕೊಂಡು ನೋಡಿದರೆ ವಿಷಯ ಬೇಗ ಸ್ಪಷ್ಟವಾಗುತ್ತದೆ. ಶರಾವತಿ ಜೋಗದಲ್ಲಿ ಧುಮುಕಿ, ಕೊರಕಲಲ್ಲಿ ಹರಿದು, ಗೇರುಸೊಪ್ಪೆಗೆ ಬರುವಷ್ಟರಲ್ಲಿ ಶಾಂತವಾಗುತ್ತದೆ. ಅಲ್ಲಿಂದ ಹೊನ್ನಾವರದ ಅಳಿವೆಯವರೆಗೆ ದೋಣಿ ಸಲೀಸು. ಅಳಿವೆಯ ಬಾಯಲ್ಲಿ ಮರಳಿನ ದಿಬ್ಬವಿರುವುದರಿಂದ ದೊಡ್ಡ ಹಡಗು ಒಳಗೆ ಬರಲಾಗದು, ಹೊರಗೇ ನಿಲ್ಲಬೇಕು. ಹೀಗಾಗಿ ಈ ಬಂದರಿಗೆ ಎರಡು ಬಾಗಿಲು. ಒಂದು ಸಮುದ್ರದ ಕಡೆಗೆ, ಇನ್ನೊಂದು ಗೇರುಸೊಪ್ಪೆಯ ಕಡೆಗೆ. ಸಮುದ್ರದ ಬಾಗಿಲನ್ನು ಹಿಡಿಯುವುದಕ್ಕೆ ಫಿರಂಗಿ ಸಾಕಿತ್ತು. ಘಟ್ಟದ ಬಾಗಿಲಿಗೆ ಫಿರಂಗಿ ನಾಟುತ್ತಿರಲಿಲ್ಲ. ಸುಮಾರು ಮುನ್ನೂರು ವರ್ಷಗಳ ಕಾಳಗಗಳಲ್ಲಿ ಗೆದ್ದವರೂ ಸೋತವರೂ ಮತ್ತೆ ಮತ್ತೆ ಎಡವಿದ್ದು ಈ ಎರಡನೇ ಬಾಗಿಲಲ್ಲಿ.

ಮೆಣಸಿನ ಕೆಲಸ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಸಿದ್ದಾಪುರ ಕಡೆಯ ಮನ್ಮನೆಯಂಥ ಊರಿನಲ್ಲಾಗಲಿ ಶಿರಸಿ ಸುತ್ತಿನ ಹಳ್ಳಿಗಳಲ್ಲಾಗಲಿ ಮೆಣಸಿನ ಬಳ್ಳಿ ಒಂಟಿಯಾಗಿ ಬೆಳೆಯುವುದಿಲ್ಲ. ಅದಕ್ಕೆ ಅಡಿಕೆ ಮರ ಬೇಕು, ಮರಕ್ಕೆ ನೀರು ಬೇಕು, ತೋಟದ ಬುಡಕ್ಕೆ ಹಾಕಲು ಬೆಟ್ಟದ ಸೊಪ್ಪು ಬೇಕು. ಮುಂಗಾರಿನ ಮಳೆಗೆ ಕರೆ ಬಿಟ್ಟು ಕಾಳು ಕಟ್ಟಿ, ಬೇಸಿಗೆ ಬರುವ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಏಣಿ ಹಚ್ಚಿ ಒಂದೊಂದೇ ಕರೆ ಕೊಯ್ದು, ತುಳಿದು ಕಾಳು ಬಿಡಿಸಿ, ಅಂಗಳದಲ್ಲಿ ಕರ್ರಗೆ ಸುಕ್ಕುಗಟ್ಟುವವರೆಗೆ ಒಣಗಿಸಬೇಕು. ಒಮ್ಮೆ ಒಣಗಿತೆಂದರೆ ಅದು ಕೆಡುವ ಪದಾರ್ಥವಲ್ಲ. ದರ ಸರಿಯಿಲ್ಲದಿದ್ದರೆ ಚೀಲ ಕಟ್ಟಿ ಅಟ್ಟಕ್ಕೆ ಹಾಕಿ ಕಾಯಬಹುದು. ಇವತ್ತಿಗೂ ತೋಟಿಗರು ಮಾಡುವುದು ಅದನ್ನೇ. ಆದರೆ ಲಿಸ್ಬನ್ನಿನ ಹಡಗು ಕಾಯುವ ಹಾಗಿರಲಿಲ್ಲ. ಗಾಳಿ ತಿರುಗುವುದರೊಳಗೆ ಸರಕು ತುಂಬಿಕೊಳ್ಳದಿದ್ದರೆ ಅದಕ್ಕೆ ಒಂದು ವರ್ಷವೇ ಲುಕ್ಸಾನು.

ಪೋರ್ಚುಗೀಸರಿಗಿಂತ ಮೊದಲೂ ಹೊನ್ನಾವರ ಸಣ್ಣ ಊರಾಗಿರಲಿಲ್ಲ. 1340ರ ದಶಕದಲ್ಲಿ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ಇಲ್ಲಿಗೆ ಬಂದಾಗ ಸುಲ್ತಾನ ಜಮಾಲುದ್ದೀನ್ ಆಳುತ್ತಿದ್ದ. ಅವನ ಮೇಲೆ ಹರಿಯಪ್ಪ, ಅಂದರೆ ವಿಜಯನಗರದ ಹರಿಹರನ ಅಧಿಕಾರವಿತ್ತು. ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಎಣಿಸಿದ ಇಬ್ನ್ ಬತೂತ, ಹೆಣ್ಣುಮಕ್ಕಳ ಶಾಲೆ ಬೇರೆಲ್ಲೂ ಕಂಡಿರಲಿಲ್ಲ ಎಂಬ ಧಾಟಿಯಲ್ಲಿ ಬರೆದ. ಮಳೆಗಾಲದ ನಾಲ್ಕು ತಿಂಗಳು ಮೀನುಗಾರರ ಹೊರತು ಯಾರೂ ಈ ಸಮುದ್ರಕ್ಕೆ ಇಳಿಯುವುದಿಲ್ಲ ಎಂಬುದನ್ನೂ ಗುರುತಿಸಿದ. ಈ ನಾಲ್ಕು ತಿಂಗಳು ಮುಂದಿನ ಕಥೆಯಲ್ಲಿ ದೊಡ್ಡ ಪಾತ್ರ ವಹಿಸುತ್ತವೆ.

ಸುಲ್ತಾನನ ಮನೆಯ ಊಟದ ವರ್ಣನೆಯೂ ಇದೆ. ಅನ್ನ, ತುಪ್ಪ, ಉಪ್ಪಿನಕಾಯಿ ಹಾಕಿದ ಮೆಣಸು, ಹಸಿಶುಂಠಿ, ನಿಂಬೆ, ಮಾವಿನಕಾಯಿ, ಕೊನೆಗೆ ಮೊಸರು. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲ ಎಂದು ಗೊಣಗಿದ್ದಾನೆ ಪಾಪ! ವಿಶೇಷವೆಂದರೆ ಇದಕ್ಕೆ ಸುಮಾರು ಹತ್ತು ವರ್ಷ ಮೊದಲು ಸೊಮಾಲಿ ಕರಾವಳಿಯ ಮೊಗದಿಶುವಿನಲ್ಲೂ ಅವನಿಗೆ ಬಡಿಸಿದ್ದು ಹೆಚ್ಚು ಕಡಿಮೆ ಇದೇ ಊಟ: ತುಪ್ಪದ ಅನ್ನ, ಮೆಣಸು, ನಿಂಬೆ, ಮಾವಿನ ಉಪ್ಪಿನಕಾಯಿ. ಆಫ್ರಿಕದ ಕೊಂಬಿಗೂ ಕೆನರಾ ಕರಾವಳಿಗೂ ನಡುವೆ ಒಂದೇ ಸಮುದ್ರ, ಒಂದೇ ಗಾಳಿ. ಮಾತು ಬೇರೆಯಾದರೂ ಊಟದ ತಟ್ಟೆ ಒಂದೇ ಆಗಿತ್ತು.

ಜಮಾಲುದ್ದೀನ್ 52 ಹಡಗು ಕಟ್ಟಿಕೊಂಡು ಗೋವಾದ ಬಂದರಾದ ಸಂದಾಪುರದ ಮೇಲೆ ಹೋದಾಗ ಇಬ್ನ್ ಬತೂತನೂ ಕತ್ತಿ ಗುರಾಣಿ ಹಿಡಿದು ಹೋದ. ಊರು ಕೈವಶವಾಯಿತು. ಆದರೆ ಸ್ವಲ್ಪ ದಿನದಲ್ಲೇ ಅಲ್ಲಿಯ ಹಳೆಯ ಅರಸ ತಿರುಗಿಬಂದು ಮುತ್ತಿಗೆ ಹಾಕಿದ. ಯಾತ್ರಿಕ ಮಹಾಶಯ ಅಲ್ಲಿಂದ ಮೆಲ್ಲಗೆ ಜಾಗ ಖಾಲಿ ಮಾಡಿದ.

ಪೋರ್ಚುಗೀಸರು ಬಂದದ್ದು 1498ರಲ್ಲಿ. ವಾಸ್ಕೊ ಡ ಗಾಮ ಮರಳುವ ದಾರಿಯಲ್ಲಿ ಕಾರವಾರದ ಎದುರಿನ ಅಂಜದೀವಿನಲ್ಲಿ ತಂಗಿದ್ದಾಗ ಎಂಟು ದೋಣಿಗಳನ್ನು ಒಟ್ಟಿಗೆ ಕಟ್ಟಿ, ಮೇಲೆ ಸೊಪ್ಪು ಹೊದಿಸಿ, ತೇಲುವ ಕುದುರಿನಂತೆ ಮಾಡಿಕೊಂಡು ಒಬ್ಬ ಹತ್ತಿರ ಬಂದನಂತೆ. ಫಿರಂಗಿ ಹಾರಿದ ಮೇಲೆ ಕುದುರು ಚದುರಿ ದೋಣಿಗಳಾಯಿತು. ಅವನು ಹೊನ್ನಾವರದ ತಿಮ್ಮೋಜಿ ಎನ್ನುತ್ತಾರೆ ಪೋರ್ಚುಗೀಸ್ ಬರಹಗಾರರು. ಅವರ ಲೆಕ್ಕದಲ್ಲಿ ಅವನು ಕಡಲ್ಗಳ್ಳ. ಹೊನ್ನಾವರದ ಲೆಕ್ಕದಲ್ಲಿ, ವಿಜಯನಗರದ ಕುದುರೆ ವ್ಯಾಪಾರ ತಪ್ಪಿಹೋಗದಂತೆ ಬೇರೆ ಬಂದರಿಗೆ ಹೋಗುವ ಹಡಗುಗಳನ್ನು ಅಡ್ಡಗಟ್ಟುವ ನಾವಿಕ. ಅದೇ ಕೆಲಸವನ್ನು ಗಾಮನ ಹಡಗು ಮಾಡಿದರೆ ಅದಕ್ಕೆ ನೌಕಾಬಲ ಎಂದು ಹೆಸರು.

1505ರಲ್ಲಿ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ಬಂದ. ಬರುವಾಗಲೇ ಪೂರ್ವ ಆಫ್ರಿಕದ ಕಿಲ್ವ, ಮೊಂಬಾಸಗಳನ್ನು ಸುಲಿದಿದ್ದ. ಅಂಜದೀವಿನಲ್ಲಿ ಕೋಟೆ ಶುರು ಮಾಡಿ ಅಕ್ಟೋಬರಿನಲ್ಲಿ ಹೊನ್ನಾವರದ ಅಳಿವೆಗೆ ಬಂದ. ದಡಕ್ಕೆ ಹತ್ತಿದ ಒಂದು ಅರಬ್ಬಿ ಹಡಗಿನ ಕುದುರೆಗಳು ಕಾಣೆಯಾದದ್ದು ಜಗಳಕ್ಕೆ ನೆಪವಾಯಿತು. ಮಗ ಲೊರೆನ್ಸೊನನ್ನು ಮುಂದಿಟ್ಟುಕೊಂಡು ನದಿಯೊಳಗೆ ನುಗ್ಗಿ ಕಟ್ಟಿನಿಂತ ಹಡಗುಗಳಿಗೆ ಬೆಂಕಿ ಹಚ್ಚಿಸಿದ. ಊರಿನವರೂ ಬಿಡಲಿಲ್ಲ, ಬಾಣದ ಮಳೆ ಸುರಿಸಿದರು. ಕೊನೆಗೆ ಸಂಧಾನಕ್ಕೆ ಬಂದವನು ಅದೇ ತಿಮ್ಮೋಜಿ. ಬೆಂಕಿಯ ಜೊತೆ ಸೆಣಸುವುದಕ್ಕಿಂತ ಅದರಲ್ಲಿ ಅನ್ನ ಬೇಯಿಸಿಕೊಳ್ಳುವುದು ಲೇಸು ಎಂದು ಅವನಿಗೆ ಆಗಲೇ ತೋರಿರಬೇಕು.

ಇದೇ ಕಾಲದಲ್ಲಿ ಸೊಮಾಲಿ ಕರಾವಳಿಯಲ್ಲಿ ಏನಾಯಿತು ನೋಡಿ. 1507ರಲ್ಲಿ ತ್ರಿಸ್ತಾವ್ ಡ ಕುನ್ಯ ಎಂಬ ದಳಪತಿ ಅಫೊನ್ಸೊ ಡಿ ಅಲ್ಬುಕರ್ಕನ ಜೊತೆಗೂಡಿ ಬರಾವ ಎಂಬ ಬಂದರು ಪಟ್ಟಣಕ್ಕೆ ನುಗ್ಗಿದ. ಕಪ್ಪ ಕೊಡುವುದಿಲ್ಲ ಎಂದದ್ದೇ ಬರಾವದ ಅಪರಾಧ. ಪಟ್ಟಣದವರು ಸಾವಿರಾರು ಜನ ಸೇರಿ ಹೋರಾಡಿದರು, ಸೋತರು. ಹೆಂಗಸರ ಬಳೆ, ಓಲೆ ಬಿಚ್ಚುವಷ್ಟು ವ್ಯವಧಾನವೂ ಇಲ್ಲದೆ ಸೈನಿಕರು ಕೈ, ಕಿವಿಗಳನ್ನೇ ಕತ್ತರಿಸಿದರೆಂದು ಬರೆದವರು ಪೋರ್ಚುಗೀಸರೇ. ಆದರೆ ಊರಿಗೆ ಬೆಂಕಿಯಿಟ್ಟ ಮೇಲೆ ಅವರು ಅಲ್ಲಿ ನಿಲ್ಲಲಿಲ್ಲ. ಮುಂದಿನ ಗುರಿ ಮೊಗದಿಶು ಎಂದುಕೊಂಡಿದ್ದರು. ಅಲ್ಲಿಯ ರಕ್ಷಣೆ ಬಲವಾಗಿದ್ದದ್ದನ್ನು ಕಂಡು ಅದರ ಗೊಡವೆಗೆ ಹೋಗದೆ ಸೊಕೊತ್ರ ದ್ವೀಪಕ್ಕೆ ಸಾಗಿದರು. ಒಳನಾಡಿನ ಜನ, ದನ, ಧಾನ್ಯದ ಬೆಂಬಲವಿದ್ದ ಪಟ್ಟಣವನ್ನು ಹಡಗಿನಿಂದ ಸುಡಬಹುದು, ಹಡಗಿನಿಂದ ಆಳುವುದು ಕಷ್ಟ.

ಬರಾವದಲ್ಲಿದ್ದ ಆ ಅಲ್ಬುಕರ್ಕನೇ 1510ರ ಆರಂಭದಲ್ಲಿ ಈ ಕರಾವಳಿಗೆ ಬಂದ. ಅವನ ಲಕ್ಷ್ಯ ಬೇರೆಲ್ಲೋ ಇತ್ತು. ಗೋವಾದ ಅಧಿಪತಿ ಯೂಸುಫ್ ಆದಿಲ್ ಖಾನ್ ಈಗಿಲ್ಲ, ಇದೇ ಸಮಯ ಎಂದು ಕಿವಿಯಲ್ಲಿ ಊದಿದವನು ತಿಮ್ಮೋಜಿ. ಗೋವಾ ಪೋರ್ಚುಗೀಸರ ಪಾಲಾದದ್ದರ ಹಿಂದೆ ಹೊನ್ನಾವರದ ಒಬ್ಬ ನಾವಿಕನ ಲೆಕ್ಕಾಚಾರವಿತ್ತು ಎಂಬುದನ್ನು ನಮ್ಮ ಜಿಲ್ಲೆಯವರು ಅಭಿಮಾನದಿಂದ ಹೇಳಬೇಕೋ ಸಂಕೋಚದಿಂದ ಹೇಳಬೇಕೋ ತಿಳಿಯದು. ಗೋವಾವನ್ನು ತನಗೇ ಬಿಟ್ಟುಕೊಡುತ್ತಾರೆಂದು ಅವನು ಎಣಿಸಿದ್ದರೆ ಆ ಎಣಿಕೆ ತಪ್ಪಿತು.

ಪಕ್ಕದ ಭಟ್ಕಳದ ಗತಿಯೂ ಇದಕ್ಕಿಂತ ಭಿನ್ನವಲ್ಲ. 1502ರಲ್ಲಿ ಗಾಮ ಅದರ ಮೇಲೆ ಅಕ್ಕಿಯ ಕಪ್ಪ ಹೇರಿದ: ಆಳುಗಳಿಗೆ ವರ್ಷಕ್ಕೆ ಸಾವಿರ ಹೇರು, ಕಪ್ತಾನರಿಗೆ ಒಳ್ಳೆಯ ಅಕ್ಕಿ ಐನೂರು ಹೇರು. ಜೊತೆಗೆ ಮೆಣಸಿನ ವ್ಯಾಪಾರ ಮಾಡಕೂಡದೆಂಬ ಷರತ್ತು. 1542ರಲ್ಲಿ ಗವರ್ನರ್ ಮಾರ್ತಿಂ ಅಫೊನ್ಸೊ ಡಿ ಸೋಜ ಭಟ್ಕಳವನ್ನು ಸುಟ್ಟ.

ಇನ್ನು ಚೆನ್ನಭೈರಾದೇವಿ. ನಗಿರೆ ಅಥವಾ ಗೇರುಸೊಪ್ಪೆಯ ಸಾಳುವ ವಂಶದ ಈ ಜೈನ ರಾಣಿ 1552ರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದವಳು. ಪೋರ್ಚುಗೀಸರು ಅವಳನ್ನು ಕರೆದದ್ದು ‘ರೈನ ದ ಪಿಮೆಂಟ’, ಮೆಣಸಿನ ರಾಣಿ ಎಂದು. 1569ರಲ್ಲಿ ವೈಸರಾಯ್ ಲೂಯಿಸ್ ಡಿ ಅತಾಯಿದ್ ದೊಡ್ಡ ಪಡೆಯೊಂದಿಗೆ ಹೊನ್ನಾವರಕ್ಕೆ ಬಂದ. ಊರು ಸುಟ್ಟಿತು. ಕೋಟೆ ಫಿರಂಗಿ ದಾಳಿಗೆ ಕೆಲ ದಿನ ತಡೆದು ಶರಣಾಯಿತು. ಕುಂದಾಪುರದ ಬಳಿಯ ಬಸ್ರೂರೂ ಪೋರ್ಚುಗೀಸರ ಕೈಸೇರಿತು. ವಿಜಯನಗರ 1565ರ ಸೋಲಿನ ಹೊಡೆತದಿಂದ ಇನ್ನೂ ಎದ್ದಿರಲಿಲ್ಲ, ಕರಾವಳಿಯ ಸಂಸ್ಥಾನಗಳಿಗೆ ನೆರವಿಗೆ ಬರುವ ದೊರೆಯೇ ಇರಲಿಲ್ಲ.

ರಾಣಿ ಸುಮ್ಮನೆ ಕೂರಲಿಲ್ಲ. 1570ರಲ್ಲಿ ಬಿಜಾಪುರ ಗೋವಾವನ್ನೂ, ಅಹಮದ್‌ನಗರ ಚೌಲನ್ನೂ, ಕಲ್ಲಿಕೋಟೆಯ ಸಾಮೂದಿರಿ ಚಾಲಿಯಂ ಕೋಟೆಯನ್ನೂ ಮುತ್ತಿದಾಗ ಅವಳು ಹೊನ್ನಾವರದ ಕೋಟೆಯ ಮೇಲೆ ತನ್ನ ಪಡೆ ಕಳಿಸಿದಳು. ಪಶ್ಚಿಮ ಕರಾವಳಿಯುದ್ದಕ್ಕೂ ಒಂದೇ ಸಲ ಎದ್ದ ಈ ಕೂಟ ಆ ಕಾಲಕ್ಕೆ ದೊಡ್ಡ ಸಾಹಸ. ಚಾಲಿಯಂ ಬಿತ್ತು, ಗೋವಾ, ಚೌಲ್, ಹೊನ್ನಾವರ ಬೀಳಲಿಲ್ಲ. ಹೊನ್ನಾವರದ ಕೋಟೆಗೆ ಗೋವಾದಿಂದ ಸಮುದ್ರ ಮಾರ್ಗವಾಗಿ ಸಹಾಯ ಬಂದು ಮುಟ್ಟಿತು. ಸಮುದ್ರದ ಬಾಗಿಲು ತೆರೆದಿರುವ ತನಕ ಗೋಡೆಯೊಳಗಿದ್ದವರನ್ನು ಹೊರಗಟ್ಟುವುದು ಕಷ್ಟ.

ಹಾಗಾದರೆ ರಾಣಿ ಸೋತಳೇ? ಕೋಟೆಯ ಮಟ್ಟಿಗೆ ಸೋತಳು. ಆದರೆ 1580ರ ದಶಕದಲ್ಲಿ ಗೋವಾದಲ್ಲಿದ್ದ ಡಚ್ಚ ಲಿನ್‌ಸ್ಕೊಟೆನ್ ಬರೆದ ವಿವರ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಹೊನ್ನಾವರದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಕ್ವಿಂಟಾಲು ಮೆಣಸು ಸಿಗುತ್ತದೆ, ಇಂಡಿಯಾದಲ್ಲೆಲ್ಲ ಇದರ ಕಾಳೇ ದಪ್ಪ ಮತ್ತು ಉತ್ತಮ, ಮಾರುವವಳು ಆ ನಾಡಿನ ರಾಣಿ ಎನ್ನುತ್ತಾನೆ ಅವನು. ಷರತ್ತು ಒಂದೇ: ಹಣವನ್ನು ಆರು ತಿಂಗಳು ಮೊದಲೇ ಕೊಟ್ಟಿರಬೇಕು. ಹಣ ಎಣಿಸಿ ಕೊಟ್ಟ ಮೇಲೆ ಮೆಣಸು ಸ್ವಲ್ಪ ಸ್ವಲ್ಪವಾಗಿ ಇಳಿದು ಬರುತ್ತದೆ. ಕೋಟೆಯಲ್ಲಿ ಕೂತ ಪೋರ್ಚುಗೀಸ್ ಕಾರಭಾರಿ ಅದನ್ನು ಅಳೆದು ಕಣಜಕ್ಕೆ ತುಂಬಿಸಿಕೊಂಡು ಹಡಗಿಗಾಗಿ ಕಾಯುತ್ತಾನೆ.

ಊರು ಸುಟ್ಟು ಕೋಟೆ ಕಸಿದವನು, ಅದನ್ನು ಕಳೆದುಕೊಂಡವಳ ಕೈಗೆ ಆರು ತಿಂಗಳ ಮುಂಗಡ ಇಡುವುದು! ಯುದ್ಧದಲ್ಲಿ ಗೆದ್ದವರು ಯಾರು ಎಂಬುದಕ್ಕೆ ಹೊನ್ನಾವರದ ದಫ್ತರಿನಲ್ಲಿ ಒಂದು ಉತ್ತರ, ಗೇರುಸೊಪ್ಪೆಯ ದಫ್ತರಿನಲ್ಲಿ ಇನ್ನೊಂದು ಉತ್ತರ ಇದ್ದಿರಬೇಕು. ಪೋರ್ಚುಗೀಸರು ದೋಣಿ ಹತ್ತಿ ಗೇರುಸೊಪ್ಪೆಗೆ ಬರಬಹುದಿತ್ತು, ಊರನ್ನೂ ಸುಡಬಹುದಿತ್ತು. ಆಮೇಲೆ? ಬಳ್ಳಿಗೆ ಬೆಂಕಿಯಿಟ್ಟರೆ ಮೆಣಸಿಲ್ಲ. ಹೇರೆತ್ತಿನವರು ಘಟ್ಟ ಇಳಿಯದಿದ್ದರೂ ಮೆಣಸಿಲ್ಲ.

ಚೆನ್ನಭೈರಾದೇವಿಯನ್ನು ಕೊನೆಗೂ ಇಳಿಸಿದ್ದು ಸಮುದ್ರದಿಂದ ಬಂದವರಲ್ಲ, ಘಟ್ಟದ ಮೇಲಿನವರು. ಕೆಳದಿಯ ಹಿರಿಯ ವೆಂಕಟಪ್ಪ ನಾಯಕ 1606ರ ಸುಮಾರಿಗೆ ಗೇರುಸೊಪ್ಪೆಯನ್ನು ಗೆದ್ದ. ಈಗಿನ ಸಿದ್ದಾಪುರ ತಾಲೂಕಿನ ಬಿಳಗಿಯ ಅರಸರೂ ಅವನ ಜೊತೆ ಸೇರಿದ್ದರೆಂದು ಹೇಳುತ್ತಾರೆ. ರಾಣಿ ಕೆಳದಿ ಸೀಮೆಯಲ್ಲಿ ಸೆರೆಯಲ್ಲೇ ತೀರಿಕೊಂಡಳು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಾಲ್ಲೆ, ವೆಂಕಟಪ್ಪನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಇದೇ ನದಿಯಲ್ಲಿ ದೋಣಿಯಲ್ಲಿ ಬಂದ. ಎರಡೂ ದಡದ ಕಾಡು ನೋಡಿ ಮರುಳಾದ. ಗೇರುಸೊಪ್ಪೆಯ ಅರಮನೆ, ಬೀದಿಗಳ ಮೇಲೆ ಆಗಲೇ ಗಿಡಗಂಟಿ ಬೆಳೆದಿತ್ತು. ಇವತ್ತು ಅಲ್ಲಿ ಚತುರ್ಮುಖ ಬಸದಿಯನ್ನು ನೋಡಲು ಹೋಗುವವರಿಗೂ ಕಾಣುವುದು ಹೆಚ್ಚು ಕಡಿಮೆ ಅದೇ ಕಾಡು.

ರಾಣಿ ಯಾವನೋ ಪರಸ್ಥಳದವನನ್ನು ಮೋಹಿಸಿ ರಾಜ್ಯ ಕಳೆದುಕೊಂಡಳು ಎಂಬ ಕಥೆಯನ್ನೂ ದೆಲ್ಲ ವಾಲ್ಲೆ ಬರೆದಿಟ್ಟಿದ್ದಾನೆ. ಅವನು ಅದನ್ನು ಕೇಳಿದ್ದು ಗೆದ್ದವರ ನಾಡಿಗೆ ಹೋಗುವ ದಾರಿಯಲ್ಲಿ ಎಂಬುದನ್ನು ಮರೆಯಬಾರದು. ಐವತ್ತು ವರ್ಷ ಪೋರ್ಚುಗೀಸರ ಜೊತೆ ಕಾದಾಡುತ್ತಲೇ ವ್ಯಾಪಾರ ಕುದುರಿಸಿದವಳು ಮುಪ್ಪಿನಲ್ಲಿ ಮೋಹದಿಂದ ಕೆಟ್ಟಳು ಎಂದರೆ ನಂಬುವುದು ಕಷ್ಟ. ಮೆಣಸಿನ ದಾರಿ ಕೆಳದಿಗೂ ಬೇಕಿತ್ತು ಎಂಬ ಕಾರಣವೇ ಸಾಕು.

ಈಗ ಪೋರ್ಚುಗೀಸರು ಬೆಲೆ ಕೇಳಬೇಕಾದದ್ದು ಕೆಳದಿಯವರ ರಾಜಧಾನಿ ಇಕ್ಕೇರಿಯಲ್ಲಿ. ಕೆಳದಿಯ ಪಟ್ಟಕ್ಕೆ ಶಿವಪ್ಪ ನಾಯಕ ಬಂದ ಮೇಲೆ ಆ ಮಾತುಕತೆಯೂ ನಿಂತಿತು. ಡಚ್ಚರ ಜೊತೆಗಿನ ಕಾಳಗದಲ್ಲಿ ಗೋವಾ ಸೊರಗಿದ್ದ ಹೊತ್ತು ನೋಡಿ ಅವನು ಕರಾವಳಿಯ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. 1654ರ ಹೊತ್ತಿಗೆ ಹೊನ್ನಾವರವೂ ಅವನದಾಯಿತು. 85 ವರ್ಷಗಳ ಠಾಣ್ಯ ಮುಗಿಯಿತು. ಮುಂದೆ ಪೋರ್ಚುಗೀಸರು ವಖಾರಿ ಇಟ್ಟುಕೊಳ್ಳಲು ಕೆಳದಿಯ ಅಪ್ಪಣೆ ಕೇಳಬೇಕಾಯಿತು.

ಉತ್ತರದ ಸೋದೆ ಸೀಮೆಯ ಕಥೆ ಸ್ವಲ್ಪ ಬೇರೆ. ಸಿದ್ದಾಪುರಕ್ಕೆ ಹತ್ತಿರದ ಬಂದರು ಹೊನ್ನಾವರವಾದರೆ, ಶಿರಸಿ ಪಕ್ಕದ ಸೋದೆಯ ನಾಯಕರ ಕೈಯಲ್ಲಿದ್ದದ್ದು ಅಂಕೋಲೆ, ಕಾರವಾರದ ಕಡೆಯ ಬಂದರುಗಳು. ಕಾರವಾರದಲ್ಲಿ 1638ರಲ್ಲೇ ಇಂಗ್ಲಿಷರು ಕೋಠಿ ಹಾಕಿದ್ದರು. ಲೋಕದಲ್ಲೇ ಉತ್ತಮ ಮೆಣಸು ಸೋದೆಯದು, ಇಂಗ್ಲೆಂಡಿನಲ್ಲಿ ಅದಕ್ಕೆ ಕಾರವಾರದ ಮೆಣಸೆಂದು ಹೆಸರು ಎಂದು 1670ರ ದಶಕದಲ್ಲಿ ಇಲ್ಲಿದ್ದ ವೈದ್ಯ ಜಾನ್ ಫ್ರಯರ್ ಬರೆದಿದ್ದಾನೆ. ಬೆಳೆದ ಊರಿನ ಹೆಸರು ಮರೆತು ಹಡಗು ಹತ್ತಿದ ಊರಿನ ಹೆಸರು ಉಳಿಯುವ ಪರಿಪಾಠ ಹಳೆಯದು. ಸೋದೆಯವರು ಕಾಳಿಯ ಅಳಿವೆಯಲ್ಲಿ ಸದಾಶಿವಗಡ ಕಟ್ಟಿಸಿದರು. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು. 1763ರಲ್ಲಿ ಮೈಸೂರಿನ ಹೈದರಾಲಿ ಕೆಳದಿಯವರ ಬಿದನೂರನ್ನು ಗೆದ್ದ ಬೆನ್ನಿಗೇ ಸೋದೆಯೂ ಬಿತ್ತು; ಅಲ್ಲಿಯ ಅರಸ ಗೋವಾಕ್ಕೆ ಓಡಿ, ಪೋರ್ಚುಗೀಸರ ಮಾಸಾಶನದಲ್ಲಿ ದಿನ ಕಳೆದ.

ಹೊನ್ನಾವರದಲ್ಲಿ ಹೈದರ್ ಯುದ್ಧದ ಹಡಗು ಕಟ್ಟುವ ಗೋದಿ ಮಾಡಿಸಿದ. ಘಟ್ಟ, ಬಂದರು ಎರಡೂ ಒಬ್ಬನ ಕೈಗೇ ಬಂದಿದ್ದರಿಂದ ಊರು ಮತ್ತೆ ಬೆಳೆಯಿತು. ಇಂಗ್ಲಿಷರಿಗೆ ಅದು ಕಣ್ಣುಕಿಸುರಾಯಿತು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಮುಂಬಯಿಯ ಪಡೆಯೊಂದಿಗೆ ಹೊನ್ನಾವರದ ಕೋಟೆಗೆ ಲಗ್ಗೆ ಹಾಕಿ ಹಿಡಿದ. ಅಲ್ಲಿಂದ ದಕ್ಷಿಣಕ್ಕೆ ಹೋಗಿ ಹೊಸಂಗಡಿ ಘಟ್ಟ ಹತ್ತಿ ಬಿದನೂರನ್ನೂ ವಶಪಡಿಸಿಕೊಂಡ. ಏಪ್ರಿಲಿನಲ್ಲಿ ಟಿಪ್ಪು ದೊಡ್ಡ ಸೈನ್ಯದೊಂದಿಗೆ ಬಂದಾಗ ಬಿದನೂರಿನಲ್ಲಿ ಮ್ಯಾಥ್ಯೂಸ್ ಶರಣಾದ.

ಹೊನ್ನಾವರದ ಕೋಟೆಯಲ್ಲಿದ್ದದ್ದು ಕ್ಯಾಪ್ಟನ್ ಟೊರಿಯಾನೊ. ಅವನು ಕೋಟೆ ಬಿಟ್ಟುಕೊಡಲಿಲ್ಲ. ಟಿಪ್ಪುವಿನ ಸೇನಾನಿ ಲುತ್ಫ್ ಅಲಿ ಬೇಗ್ ಮುತ್ತಿಗೆ ಹಾಕಿದ್ದು ಮೇ ತಿಂಗಳಲ್ಲಿ, ಅಂದರೆ ಸರಿಯಾಗಿ ಮಳೆಗಾಲದ ಮುಂಚೆ. ಇಬ್ನ್ ಬತೂತ ಹೇಳಿದ ಆ ನಾಲ್ಕು ತಿಂಗಳು ಈಗ ಲೆಕ್ಕಕ್ಕೆ ಬಂದವು. ಮುಂಬಯಿಯಿಂದ ಹಡಗು ಬರಲಾಗದು. ಬಂದರೂ ಅಳಿವೆಯ ಅಲೆಗಳಲ್ಲಿ ದೋಣಿ ದಡ ಸೇರದು. ಒಳನಾಡಿನಿಂದ ಅಕ್ಕಿಯ ಒಂದು ಕಾಳೂ ಇಳಿಯದು. 1570ರಲ್ಲಿ ಪೋರ್ಚುಗೀಸರಿಗೆ ತೆರೆದಿದ್ದ ಸಮುದ್ರದ ಬಾಗಿಲನ್ನು ಟೊರಿಯಾನೊನ ಪಾಲಿಗೆ ಮಳೆಯೇ ಮುಚ್ಚಿತು. ಆಗಸ್ಟಿನಲ್ಲಿ ಯುದ್ಧವಿರಾಮವಾಯಿತು. ಆದರೂ ಸುತ್ತಲಿನ ಪಹರೆ ತೆಗೆಯಲಿಲ್ಲ, ಕೋಟೆಗೆ ಸಾಮಾನು ಸಾಗಿಸುವುದಕ್ಕೆ ನೂರು ತಕರಾರು. ಒಳಗಿದ್ದವರು ಗುಂಡಿಗಿಂತ ಹೆಚ್ಚಾಗಿ ಹಸಿವೆಗೆ, ಜ್ವರಕ್ಕೆ, ಭೇದಿಗೆ ಸತ್ತರು. ಉಳಿದವರಲ್ಲಿ ಕೆಲವರು ರಾತ್ರಿ ಗೋಡೆ ಹಾರಿ ಓಡಿಹೋದರು. ಸಿಪಾಯಿಗಳ ಜೊತೆ ಹೆಂಗಸರು, ಮಕ್ಕಳು, ಆಳುಕಾಳುಗಳೂ ಕೋಟೆಯಲ್ಲಿದ್ದರು. ಅವರ ಪಾಡನ್ನು ಇಂಗ್ಲಿಷ್ ಕಂಪನಿಯ ನೌಕರನಾಗಿದ್ದ ಜೇಮ್ಸ್ ಫೋರ್ಬ್ಸ್ ತನ್ನ ನೆನಪಿನ ಸಂಪುಟಗಳಲ್ಲಿ ಸೇರಿಸಿಕೊಂಡ ಮುತ್ತಿಗೆಯ ವೃತ್ತಾಂತದಲ್ಲಿ ಓದಬಹುದು.

1784ರ ಮಾರ್ಚ್ 11ರಂದು ಮಂಗಳೂರಿನ ಕರಾರಾಯಿತು. ಅದರಂತೆ ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನು ಟಿಪ್ಪುವಿಗೆ ಒಪ್ಪಿಸಿದರು. ಟೊರಿಯಾನೊ ಅಳಿದುಳಿದವರೊಂದಿಗೆ ಹಡಗು ಹತ್ತಿದ. ಇಂಗ್ಲಿಷ್ ಬರವಣಿಗೆಯಲ್ಲಿ ಇದು ಸೋಲದೆ ಉಳಿದ ವೀರರ ಕಥೆ. ನಿಜ, ಆ ಕೋಟೆಯನ್ನು ಯಾರೂ ಕಾದಾಡಿ ಕಿತ್ತುಕೊಳ್ಳಲಿಲ್ಲ. ಆದರೆ ಅಷ್ಟೂ ತಿಂಗಳಲ್ಲಿ ಆ ಬಂದರಿನಿಂದ ಮೆಣಸಿನ ಒಂದು ಹೇರೂ ಕಂಪನಿಗೆ ಸಿಕ್ಕಿರಲಾರದು.

ಊರು ಕೈಗೆ ಬಂದ ಮೇಲೆ ಟಿಪ್ಪು ಅದನ್ನು ನೆಲಸಮ ಮಾಡಿಸಿದ, ಮತ್ತೆ ಶತ್ರುವಿಗೆ ನೆಲೆಯಾಗಬಾರದೆಂದು ಇರಬೇಕು. 1801ರಲ್ಲಿ ಕಂಪನಿಯ ಪರವಾಗಿ ನಾಡಿನ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಬಂದಾಗ ಮೊದಲಿನ ದೊಡ್ಡ ವ್ಯಾಪಾರದ ಪಟ್ಟಣ ಹಾಳುಬಿದ್ದಿತ್ತು, ಇಂಗ್ಲಿಷರು ಮುಳುಗಿಸಿದ ಹಡಗುಗಳ ಅವಶೇಷ ಹೊಳೆಯಲ್ಲಿ ಇನ್ನೂ ಕಾಣುತ್ತಿತ್ತು. ಅದೇ ಪ್ರವಾಸದಲ್ಲಿ ಅವನು ಸೋದೆ, ಶಿರಸಿ, ಯಲ್ಲಾಪುರದಲ್ಲೂ ಸುತ್ತಿದ. ಹವ್ಯಕರ ಅಡಿಕೆ ತೋಟಗಳಲ್ಲಿ ಮೆಣಸು, ಏಲಕ್ಕಿ, ವೀಳ್ಯದೆಲೆ ಹೇಗೆ ಬೆಳೆಯುತ್ತಾರೆಂದು ಕುಳಿತು ಕೇಳಿ ಬರೆದುಕೊಂಡ. ಕೆಳಗೆ ಪೇಟೆ ಸತ್ತಿದ್ದರೂ ಮೇಲೆ ತೋಟ ಬದುಕಿತ್ತು.

ಆಮೇಲೆ ಹೊನ್ನಾವರ ಹಳೆಯ ಜಾಗಕ್ಕೆ ಮರಳಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಗಾಡಿ ರಸ್ತೆಯಾಯಿತು. ಧಾರವಾಡ ಸೀಮೆಯ ಹತ್ತಿ ಆ ದಾರಿಯಲ್ಲಿ ಬಂದು, ಪರದೇಶದ ಪೇಟೆಯಲ್ಲಿ ಕುಮಟೆಯ ಹತ್ತಿ ಎಂಬ ಹೆಸರು ಪಡೆಯಿತು. ಇಳಿಯುವ ಗಾಡಿಯಲ್ಲಿ ಹತ್ತಿ, ಅಡಿಕೆ, ಮೆಣಸು. ಹತ್ತುವ ಗಾಡಿಯಲ್ಲಿ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ದರ ಏರಿದಾಗ ಸರಕಾರ ಕಾರವಾರದ ಬಂದರಿಗೂ ಯಲ್ಲಾಪುರದ ಕಡೆಯ ಘಟ್ಟದ ರಸ್ತೆಗಳಿಗೂ ಹಣ ಸುರಿಯಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯಿಂದ ಗೋವಾದ ಮುರಗಾವಿಗೆ ರೈಲು ಓಡತೊಡಗಿತು. ಹತ್ತಿ ರೈಲು ಹತ್ತಿತು. ಒಂದು ಗುಂಡೂ ಹಾರದೆ ಕುಮಟೆ, ಕಾರವಾರ ಎರಡೂ ಬಂದರುಗಳ ಗಾಡಿ ಸಾಲು ತೆಳ್ಳಗಾಯಿತು. ಮೆಣಸಿನ ವ್ಯಾಪಾರ ಘಟ್ಟದ ಮೇಲೆಯೇ ನೆಲೆನಿಂತಿತು. 1923ರಲ್ಲಿ ತೋಟಿಗರೇ ಸೇರಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡರು. ಖರೀದಿದಾರರು ಈಗ ಟೆಂಡರ್ ಹಾಕುವುದಕ್ಕೆ ಅಲ್ಲಿಗೇ ಬರುತ್ತಾರೆ.